ಬೆನ್ನಿನ ಕಾಯಿಲೆ ಹಿಮ್ಮಡಿಯಲ್ಲಿ ಯಾಕೆ ನೋಯುತ್ತೆ?

ಹೋದ ವಾರ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಅಂದ್ರೆ ಏನು, ಬೆಳಿಗ್ಗೆ ಎದ್ದಾಗ ಬೆನ್ನು ಯಾಕೆ ಹಿಡ್ಕೊಂಡಿರುತ್ತೆ ಅಂತ ಮಾತಾಡಿದ್ವಿ. ಇವತ್ತು ಬೆನ್ನನ್ನ ಸ್ವಲ್ಪ ಪಕ್ಕಕ್ಕೆ ಇಡೋಣ. ಅದೇ ಕಾಯಿಲೆ ಇರೋರಿಗೆ ಹಿಮ್ಮಡಿ, ಮಂಡಿ, ಪಕ್ಕೆಲುಬು, ಬೆರಳು ಇಲ್ಲೆಲ್ಲ ಬರೋ ನೋವಿನ ಬಗ್ಗೆ ಮಾತಾಡೋಣ.

ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ಪುಣೆಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡೋನು. 2013ರಲ್ಲಿ ನನಗೆ ಈ ಕಾಯಿಲೆ ಇದೆ ಅಂತ ಗೊತ್ತಾಯ್ತು. ಆದ್ರೆ ಶುರುವಾಗಿದ್ದು ಅದಕ್ಕಿಂತ ಮೂರು ವರ್ಷ ಮೊದಲು, ಅದೂ ಬೆನ್ನಿನಿಂದಲ್ಲ, ಬಲಗಾಲಿನ ಹಿಮ್ಮಡಿಯಿಂದ.

ಆಗ ನನ್ನ ಹತ್ರ ಮೂರು ಫೈಲ್ ಇದ್ವು. ಹಿಮ್ಮಡಿದು ಒಂದು. ಎಕ್ಸ್‌ರೇ ತೆಗೆದು "ಮೂಳೆ ಮುಳ್ಳಿನ ಹಾಗೆ ಬೆಳೆದಿದೆ" ಅಂದ್ರು, ಸಿಲಿಕಾನ್ ಪ್ಯಾಡ್ ಕೊಟ್ರು. ಮುಂದಿನ ವರ್ಷ ಎಡಮಂಡಿ ಊದಿಕೊಂಡಿತು, ಸೂಜಿ ಹಾಕಿ ನೀರು ತೆಗೆದ್ರು, ಅದು ಎರಡನೇ ಫೈಲ್. ಬೆನ್ನಿಗೆ ಮೂರನೇದು. ಅದರಲ್ಲಿ "ಕೂತು ಕೆಲಸ ಮಾಡೋದರಿಂದ" ಅಂತ ಬರೆದಿತ್ತು. ನಾನೂ ನಂಬಿದೆ, ಸಾಲ ಮಾಡಿ ದುಬಾರಿ ಕುರ್ಚಿ ತಗೊಂಡೆ. ನಮ್ಮ ಕೆಲಸದಲ್ಲಿ ಮೂರು ಟಿಕೆಟ್ ಒಂದೇ ಕಾರಣಕ್ಕೆ ಬಂದಿದ್ರೆ ಎರಡೇ ದಿನದಲ್ಲಿ ಹಿಡೀತೀವಿ. ನನ್ನದೇ ಮೈಯಲ್ಲಿ ಅದು ಗೊತ್ತಾಗೋಕೆ ಮೂರು ವರ್ಷ ಬೇಕಾಯ್ತು. ಕೊನೆಗೆ ಹಿಡಿದವರು ಒಬ್ಬ ಕಣ್ಣಿನ ಡಾಕ್ಟರ್! ಒಂದು ಕಣ್ಣು ಕೆಂಪಾಗಿ, ಬೆಳಕು ನೋಡೋಕಾಗದೆ ಅವರ ಹತ್ರ ಹೋಗಿದ್ದೆ. ಪರೀಕ್ಷೆ ಮಾಡ್ತಾ ಮಾಡ್ತಾ ಮರಾಠಿಯಲ್ಲಿ ಕೇಳಿದ್ರು, "ಸಕಾಳೀ ಪಾಠ್ ಆಖಡತೇ ಕಾ?" ಮರಾಠಿಯಲ್ಲಿ ಪಾಠ್ ಅಂದ್ರೆ ಬೆನ್ನು. ಬೆಳಿಗ್ಗೆ ಬೆನ್ನು ಹಿಡ್ಕೊಳ್ಳುತ್ತಾ ಅಂತ. ಈ "ಹಿಡ್ಕೊಳ್ಳೋದು" ಅನ್ನೋ ಪದಕ್ಕೆ ಆಮೇಲೆ ಬರ್ತೀನಿ, ಅದು ಮುಖ್ಯ.

ಈಗ ವಿಷಯಕ್ಕೆ ಬರೋಣ. ಮಾಂಸಖಂಡವನ್ನ ಮೂಳೆಗೆ ಕಟ್ಟೋ ಗಟ್ಟಿ ಹಗ್ಗಕ್ಕೆ ಟೆಂಡನ್ ಅಂತಾರೆ. ಮೂಳೆಯಿಂದ ಮೂಳೆಗೆ ಕಟ್ಟೋದು ಲಿಗಮೆಂಟ್. ನಮ್ಮ ಕಡೆ ಇವೆರಡನ್ನೂ "ನರ" ಅಂತಾನೇ ಕರೆದುಬಿಡ್ತಾರೆ. ಕಾಲಿನ ನರ ಎಳೀತಿದೆ ಅಂತಾರಲ್ಲ, ಹಾಗೆ. ನಿಜವಾದ ನರ ಬೇರೆ, ಅದು ವೈರ್ ಇದ್ದ ಹಾಗೆ. ಇದು ಹಗ್ಗ. ಈ ಹಗ್ಗ ಮೂಳೆಯೊಳಗೆ ಹೊಕ್ಕು ಕೂರೋ ಜಾಗಕ್ಕೆ ಎಂಥೆಸಿಸ್ ಅಂತ ಹೆಸರು. ಕೊಟ್ಟಿಗೆಯಲ್ಲಿ ಹಸು ಕಟ್ಟಿರ್ತಾರಲ್ಲ, ಹಸು ಎಷ್ಟೇ ಜಗ್ಗಾಡಿದ್ರೂ ಹಗ್ಗದ ನಡುವೆ ಏನೂ ಆಗಲ್ಲ, ಅಲುಗಾಡೋದು ಗೂಟ ನೆಟ್ಟ ಜಾಗ. ದೇಹದಲ್ಲೂ ಎಳೆತ ಎಲ್ಲ ಬಂದು ಬೀಳೋದು ಆ ಗೂಟದ ಬುಡಕ್ಕೆ. ಅಲ್ಲಿ ಉರಿಯೂತ ಬಂದ್ರೆ ಅದು ಎಂಥೆಸೈಟಿಸ್.

ಈ ಕಾಯಿಲೆಯನ್ನ ಕೀಲಿನ ಕಾಯಿಲೆ ಅಂತಾರೆ ನಿಜ. ಆದ್ರೆ ಇದರ ಮುಖ್ಯ ಜಾಗ ಈ ಗೂಟದ ಬುಡ. ಮ್ಯಾಂಚೆಸ್ಟರಿನ ಜಾನ್ ಬಾಲ್ ಅನ್ನೋ ವೈದ್ಯರು 1971ರಲ್ಲೇ ಇದನ್ನ ವಿವರವಾಗಿ ಬರೆದರು. ರುಮಟಾಯ್ಡ್ ಸಂಧಿವಾತದಲ್ಲಿ ಉರಿಯೂತ ಮುಖ್ಯವಾಗಿ ಕೀಲಿನ ಒಳಪೊರೆಯಲ್ಲಿ ಇರುತ್ತೆ, ಇದರಲ್ಲಿ ಟೆಂಡನ್, ಲಿಗಮೆಂಟ್ ಮೂಳೆಗೆ ಅಂಟೋ ಕಡೆ ಇರುತ್ತೆ ಅಂತ. ಬೆನ್ನುಮೂಳೆಯಲ್ಲಿ ಇಂಥ ಗೂಟಗಳು ಸಾಲುಸಾಲಾಗಿ ಇವೆ. ಅಲ್ಲಿ ಉರಿಯೂತ ಬಂದು ಹೋದ ಮೇಲೆ ದೇಹ ರಿಪೇರಿ ಮಾಡೋಕೆ ಹೋಗಿ ಹೊಸ ಮೂಳೆ ಕಟ್ಟುತ್ತೆ. ಬೆನ್ನು ಗಟ್ಟಿಯಾಗೋದು ಹಾಗೆ. ಹಿಮ್ಮಡಿಯಲ್ಲಿ ಆಗೋದೂ ಅದೇ ಕೆಲಸ. ಅಂದ್ರೆ ಹಿಮ್ಮಡಿ ನೋವು ಬೆನ್ನಿನ ಕಾಯಿಲೆಯ ಸೈಡ್ ಎಫೆಕ್ಟ್ ಅಲ್ಲ, ಅದೇ ಕಾಯಿಲೆ ಇನ್ನೊಂದು ವಿಳಾಸದಲ್ಲಿ ಇದೆ ಅಷ್ಟೆ.

ಎಷ್ಟು ಜನಕ್ಕೆ ಬರುತ್ತೆ ಅಂದ್ರೆ, ಈ ಕಾಯಿಲೆ ಇರೋ ಹತ್ತರಲ್ಲಿ ಸುಮಾರು ಮೂವರಿಗೆ ಎಂಥೆಸೈಟಿಸ್, ಹೆಚ್ಚುಕಡಿಮೆ ಅಷ್ಟೇ ಜನಕ್ಕೆ ಕೈಕಾಲಿನ ಕೀಲುಗಳ ಊತ. ಅಪರೂಪ ಏನಲ್ಲ.

ಹಿಮ್ಮಡಿಯಲ್ಲಿ ಎರಡು ಜಾಗ ಇವೆ. ಒಂದು ಹಿಂಭಾಗ, ಮೀನಖಂಡದಿಂದ ಇಳಿದು ಬರೋ ಅಕಿಲಿಸ್ ಟೆಂಡನ್ ಅಂಟೋ ಕಡೆ. ಶೂ ಹಿಂಭಾಗ ತಾಗಿದ್ರೆ ಜೀವ ಹೋದ ಹಾಗಾಗುತ್ತೆ. ಇನ್ನೊಂದು ಅಡಿಭಾಗ, ಅಂಗಾಲಿನ ಪಟ್ಟಿ ಶುರುವಾಗೋ ಕಡೆ. ಬೆಳಿಗ್ಗೆ ಮಂಚದಿಂದ ಇಳಿದು ಮೊದಲ ಹೆಜ್ಜೆ ಇಟ್ಟಾಗ ಮೊಳೆ ಚುಚ್ಚಿದ ಹಾಗೆ. ಇಲ್ಲಿ ಪ್ರಾಮಾಣಿಕವಾಗಿ ಒಂದು ಮಾತು. ಹಿಮ್ಮಡಿ ನೋಯ್ತಿರೋ ಎಲ್ಲರಿಗೂ ಈ ಕಾಯಿಲೆ ಇರಲ್ಲ. ಬಹಳ ಜನಕ್ಕೆ ತೂಕ, ಗಟ್ಟಿ ನೆಲ, ಒಮ್ಮೆಲೇ ಶುರು ಮಾಡಿದ ಓಟ ಇಂಥದ್ದರಿಂದ ಬರೋ ಮಾಮೂಲಿ ನೋವು. ಮೊದಲ ಹೆಜ್ಜೆ ನೋವು ಅದರಲ್ಲೂ ಇರುತ್ತೆ. ಎಕ್ಸ್‌ರೇಯಲ್ಲಿ ಕಾಣೋ ಮುಳ್ಳು ಯಾವ ನೋವೂ ಇಲ್ಲದ ಜನರಲ್ಲೂ ಇರುತ್ತೆ, ಅದೊಂದನ್ನೇ ನೋಡಿ ಏನೂ ಹೇಳೋಕಾಗಲ್ಲ. ಅನುಮಾನ ಪಡಬೇಕಾದ್ದು ಜೊತೆಗೆ ಏನಿದೆ ಅನ್ನೋದರ ಮೇಲೆ. ವಯಸ್ಸು ನಲವತ್ತೈದರ ಒಳಗೆ, ಎರಡೂ ಹಿಮ್ಮಡಿ ನೋಯ್ತಿದೆ ಅಥವಾ ಒಂದರಿಂದ ಇನ್ನೊಂದಕ್ಕೆ ಹೋಗ್ತಿದೆ, ತಿಂಗಳುಗಟ್ಟಲೆ ಪ್ಯಾಡ್ ಹಾಕಿದ್ರೂ ಹೋಗ್ತಿಲ್ಲ, ಜೊತೆಗೆ ಮೂರು ತಿಂಗಳಿಗಿಂತ ಹೆಚ್ಚಿನ ಬೆನ್ನುನೋವು. ಆ ಬೆನ್ನುನೋವು ರಾತ್ರಿಯ ಎರಡನೇ ಅರ್ಧದಲ್ಲಿ ಎಬ್ಬಿಸುತ್ತೆ, ಮಲಗಿದ್ರೆ ಜಾಸ್ತಿ, ಓಡಾಡಿದ್ರೆ ಕಡಿಮೆ. ಇಷ್ಟು ಸೇರಿದ್ರೆ ಪಾದದ ಫೈಲ್ ಮುಚ್ಚಿ ರುಮಟಾಲಜಿಸ್ಟ್ ಹತ್ರ ಹೋಗಿ. ಮೂಳೆ ಡಾಕ್ಟರ್ ಬೇರೆ, ರುಮಟಾಲಜಿಸ್ಟ್ ಬೇರೆ. ಈ ವ್ಯತ್ಯಾಸ ನನಗೆ ಮೂವತ್ತು ವರ್ಷ ಆಗೋವರೆಗೂ ಗೊತ್ತಿರಲಿಲ್ಲ.

ಎದೆಗೂಡು ಇನ್ನೊಂದು ಜಾಗ. ಪಕ್ಕೆಲುಬು ಎದೆಮೂಳೆಗೆ ಸೇರೋ ಕಡೆ ಉರಿಯೂತ ಆದ್ರೆ ಸೀನಿದಾಗ, ಆಳವಾಗಿ ಉಸಿರು ಎಳೆದಾಗ ಚುಚ್ಚುತ್ತೆ. ನಾನಂತೂ ಒಂದು ರಾತ್ರಿ ಹಾರ್ಟ್ ಅಟ್ಯಾಕ್ ಅಂದ್ಕೊಂಡು ಎಮರ್ಜೆನ್ಸಿಗೆ ಹೋಗಿದ್ದೆ. ಹೋಗಿದ್ದು ತಪ್ಪಲ್ಲ. ಎದೆನೋವು ಬಂದಾಗ "ಅಯ್ಯೋ ಇದು ನನ್ನ ಹಳೇ ಕಾಯಿಲೆ" ಅಂತ ಮನೇಲಿ ಕೂರಬೇಡಿ, ಮೊದಲು ಇಸಿಜಿ ಆಗಲಿ.

ಕೀಲುಗಳ ಊತಕ್ಕೆ ಇದರಲ್ಲಿ ಒಂದು ಗುರುತಿದೆ. ಸಾಮಾನ್ಯವಾಗಿ ಸೊಂಟದ ಕೆಳಗಿನ ಕೀಲು, ಒಂದೋ ಎರಡೋ, ಒಂದೇ ಪಕ್ಕ. ಎಡಮಂಡಿ, ಬಲ ಕಣಕಾಲು ಹೀಗೆ. ರುಮಟಾಯ್ಡ್‌ನಲ್ಲಿ ಎರಡೂ ಕೈಯ ಸಣ್ಣ ಕೀಲುಗಳು ಜೋಡಿಯಾಗಿ ಊದೋದು ಹೆಚ್ಚು. ಆರ್‌ಎ ಫ್ಯಾಕ್ಟರ್ ಅನ್ನೋ ರಕ್ತಪರೀಕ್ಷೆ ನಮ್ಮ ಕಾಯಿಲೆಯಲ್ಲಿ ಸಾಮಾನ್ಯವಾಗಿ ನೆಗೆಟಿವ್. ಆ ಒಂದು ರಿಪೋರ್ಟ್ ಹಿಡ್ಕೊಂಡು "ನಿಮಗೆ ಸಂಧಿವಾತ ಇಲ್ಲ" ಅಂತ ಮನೆಗೆ ಕಳಿಸಿರೋ ಕಥೆ ಎಷ್ಟು ಕೇಳಿದ್ದೀನೋ. ಇಎಸ್‌ಆರ್, ಸಿಆರ್‌ಪಿ ಕೂಡ ಎಷ್ಟೋ ಜನರಲ್ಲಿ ನಾರ್ಮಲ್ ಬರುತ್ತೆ. ಎಚ್‌ಎಲ್‌ಎ-ಬಿ27 ಅನ್ನೋ ಜೀನ್‌ಗೂ ಈ ಕಾಯಿಲೆಗೂ ನಂಟಿದೆ ಅಂತ ಗೊತ್ತಾಗಿದ್ದು 1973ರಲ್ಲಿ. ಆದ್ರೆ ಆ ಜೀನ್ ಇರೋ ಬಹುಪಾಲು ಜನಕ್ಕೆ ಕಾಯಿಲೆ ಬರೋದೇ ಇಲ್ಲ, ಇಲ್ಲದವರಿಗೂ ಬರಬಹುದು. ಆನ್‌ಲೈನ್‌ನಲ್ಲಿ ಪ್ಯಾಕೇಜ್ ನೋಡಿ ಅದೊಂದನ್ನ ಮಾಡಿಸಿಕೊಂಡು ನಿದ್ದೆ ಕೆಡಿಸ್ಕೋಬೇಡಿ. ಒಂದೇ ಒಂದು ಎಚ್ಚರಿಕೆ: ಯಾವುದಾದ್ರೂ ಒಂದು ಕೀಲು ಇದ್ದಕ್ಕಿದ್ದ ಹಾಗೆ ಊದಿ, ಕೆಂಪಾಗಿ, ಜ್ವರ ಬಂದ್ರೆ ಅವತ್ತೇ ಆಸ್ಪತ್ರೆಗೆ ಹೋಗಿ. ಅದು ಕೀವು ಇರಬಹುದು, ಕಾಯೋ ವಿಷಯ ಅಲ್ಲ.

ಬೆರಳಿನ ಗುರುತು ಸ್ವಲ್ಪ ಕಡಿಮೆ ಜನರಲ್ಲಿ ಬರೋದು, ಆದ್ರೆ ಬಂದ್ರೆ ಮರೆಯೋ ಹಾಗಿಲ್ಲ. ಒಂದು ಗಂಟು ಮಾತ್ರ ಅಲ್ಲ, ಬೆರಳು ಇಡೀ ಏಲಕ್ಕಿ ಬಾಳೆಹಣ್ಣಿನ ಹಾಗೆ ಊದಿಕೊಳ್ಳುತ್ತೆ. ಕಾಲಿನ ಬೆರಳಲ್ಲಿ ಹೆಚ್ಚು. ಡ್ಯಾಕ್ಟಿಲೈಟಿಸ್ ಅಂತಾರೆ. ಫೋಟೋ ತೆಗೆದಿಟ್ಕೊಳ್ಳಿ, ಅಪಾಯಿಂಟ್‌ಮೆಂಟ್ ಸಿಗೋ ಹೊತ್ತಿಗೆ ಇಳಿದುಹೋಗಿರುತ್ತೆ.

ಹೆಚ್ಚು ಭಯ ಪಡಬೇಕಾದ ಕೀಲು ತೊಡೆಯ ಬುಡದ್ದು, ಹಿಪ್ ಜಾಯಿಂಟ್. ಚಿಕ್ಕ ವಯಸ್ಸಲ್ಲಿ ಕಾಯಿಲೆ ಶುರುವಾದವರಿಗೆ ಇದು ಹೆಚ್ಚು. ನೋವು ತೊಡೆಸಂದಿಯಲ್ಲಿ ಇರುತ್ತೆ, ಕೆಲವು ಸಲ ಮಂಡಿಯಲ್ಲಿ ಮಾತ್ರ ಗೊತ್ತಾಗುತ್ತೆ. ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರೋಕೆ ಆಗ್ತಿಲ್ಲ, ಸಾಕ್ಸ್ ಹಾಕೋಕೆ ಕಾಲು ಎತ್ತೋಕಾಗ್ತಿಲ್ಲ ಅಂದ್ರೆ ತಡ ಮಾಡಬೇಡಿ. ಹಿಮ್ಮಡಿ ನೋವು ಕೊಡುತ್ತೆ, ಹಿಪ್ ಹಾಳಾದ್ರೆ ಆಪರೇಷನ್ ಮಾಡಿ ಬದಲಾಯಿಸಬೇಕಾಗುತ್ತೆ.

ಹೆಣ್ಣುಮಕ್ಕಳ ವಿಷಯ ಬೇರೆ ಹೇಳಬೇಕು. ಇದು ಗಂಡಸರ ಕಾಯಿಲೆ ಅಂತ ಬಹಳ ದಿನ ಅಂದ್ಕೊಂಡಿದ್ರು. ಅದಕ್ಕೇ ಹೆಂಗಸರಿಗೆ ಗೊತ್ತಾಗೋದು ಇನ್ನೂ ತಡ. ನನ್ನ ಚಿಕ್ಕಪ್ಪನ ಮಗಳು ಹೈದರಾಬಾದ್‌ನಲ್ಲಿದ್ದಾಳೆ. ಹೆರಿಗೆ ಆದ ಮೇಲೆ ಬೆನ್ನು, ಸೊಂಟದ ಅಂಚು, ಎರಡೂ ಹಿಮ್ಮಡಿ. ಮನೇಲಿ ಬಾಣಂತನ ಸರಿಯಾಗಿ ಆಗಿಲ್ಲ ಅಂದ್ರು. ಹೊರಗೆ ಟೆನ್ಷನ್ ಅಂದ್ರು. ನನಗೆ ಇರೋ ಕಾಯಿಲೆ ಕುಟುಂಬದಲ್ಲಿ ಬರಬಹುದು ಅಂತ ನಾನೇ ಫೋನ್ ಮಾಡಿ ಹೇಳಬೇಕಿತ್ತು. ಹೇಳಲಿಲ್ಲ. ಅವಳಿಗೆ ಗೊತ್ತಾದಾಗ ಮಗುಗೆ ನಾಲ್ಕು ವರ್ಷ.

ಈಗ ನನಗೆ ತುಂಬಾ ತಲೆ ಕೆಡಿಸಿದ ವಿಷಯ. ಬೆನ್ನು ಹೇಳುತ್ತೆ ಓಡಾಡು ಅಂತ, ಹಿಮ್ಮಡಿ ಹೇಳುತ್ತೆ ಕೂತ್ಕೋ ಅಂತ. ಯಾರ ಮಾತು ಕೇಳೋದು?

ಎರಡೂ ಸುಳ್ಳು ಹೇಳ್ತಿಲ್ಲ. ಬೆಲ್ಜಿಯಂನ ಘೆಂಟ್‌ನಲ್ಲಿ ಇಲಿಗಳ ಮೇಲೆ ಒಂದು ಪ್ರಯೋಗ ಮಾಡಿದ್ರು, 2014ರಲ್ಲಿ ಪ್ರಕಟ ಆಯ್ತು. ಈ ಥರದ ಕಾಯಿಲೆ ಬರೋ ಇಲಿಗಳ ಹಿಂಗಾಲು ನೆಲಕ್ಕೆ ತಾಗದ ಹಾಗೆ ಬಾಲದಿಂದ ತೂಗುಹಾಕಿದ್ರು. ಹಿಂಗಾಲಿನ ಮೇಲೆ ಭಾರ ಬೀಳದೇ ಇದ್ದಾಗ ಅಕಿಲಿಸ್ ಟೆಂಡನ್‌ನ ಉರಿಯೂತ ಬಹಳ ಕಡಿಮೆ ಆಯ್ತು. ಅಂದ್ರೆ ಗೂಟದ ಬುಡಕ್ಕೆ ಬೀಳೋ ಎಳೆತಕ್ಕೂ ಉರಿಯೂತಕ್ಕೂ ಸಂಬಂಧ ಇದೆ. ಇದನ್ನ ಓದಿದ ದಿನ ನಾನು ನಡೆಯೋದೇ ಬಿಟ್ಟೆ. ದಡ್ಡತನ. ನಾವು ಇಲಿಗಳಲ್ಲ, ನಮ್ಮನ್ನ ಯಾರೂ ತೂಗುಹಾಕಿಲ್ಲ. ಮೂರೇ ವಾರಕ್ಕೆ ಬೆನ್ನು ಹಲಗೆ ಆಯ್ತು. ವ್ಯಾಯಾಮ ಈ ಕಾಯಿಲೆಗೆ ಔಷಧಿಯಷ್ಟೇ ಮುಖ್ಯ, ಅದನ್ನ ಬಿಡೋ ಹಾಗೇ ಇಲ್ಲ. ಬದಲಾಯಿಸಬೇಕಾದ್ದು ಯಾವ ವ್ಯಾಯಾಮ ಅನ್ನೋದನ್ನ. ಹಿಮ್ಮಡಿ ಕೆರಳಿದಾಗ ಓಟ, ಜಿಗಿತ, ಬ್ಯಾಡ್ಮಿಂಟನ್ ಬೇಡ. ಈಜು, ಸೈಕಲ್, ನೆಲದ ಮೇಲೆ ಮಲಗಿ ಮಾಡೋ ಬೆನ್ನಿನ ಸ್ಟ್ರೆಚ್ ಇರಲಿ. ಮನೆ ಒಳಗೆ ಟೈಲ್ಸ್ ಮೇಲೆ ಬರಿಗಾಲಲ್ಲಿ ನಡೀಬೇಡಿ, ಮೆತ್ತನೆ ಚಪ್ಪಲಿ ಇಟ್ಕೊಳ್ಳಿ. ನಮ್ಮಮ್ಮ ಬಂದಾಗ ಮನೆ ಒಳಗೆ ಚಪ್ಪಲಿ ನೋಡಿ ಎರಡು ದಿನ ಮಾತಾಡ್ಲಿಲ್ಲ, ಆಮೇಲೆ ಅವರೇ ಒಂದು ಜೊತೆ ತರಿಸ್ಕೊಂಡ್ರು. ನೋವು ಇಳಿದ ಮೇಲೆ ಫಿಸಿಯೋಥೆರಪಿಸ್ಟ್ ಹೇಳಿದ ಹಾಗೆ ಮೀನಖಂಡಕ್ಕೆ ನಿಧಾನವಾಗಿ ಭಾರ ಅಭ್ಯಾಸ ಮಾಡಿಸಬೇಕು. ಊರಿಗೆ ರಾತ್ರಿ ಬಸ್ಸಲ್ಲಿ ಹೋಗೋರು ನಿಲ್ಲಿಸಿದ ಕಡೆಯೆಲ್ಲ ಇಳಿದು ನಾಲ್ಕು ಹೆಜ್ಜೆ ಹಾಕಿ, ಟೀ ಕುಡೀದಿದ್ರೂ ಪರವಾಗಿಲ್ಲ.

ಔಷಧಿಗೆ ಬರೋಣ. ಬೆನ್ನಿಗೂ ಕೈಕಾಲಿಗೂ ಒಂದೇ ಕಾಯಿಲೆ ಅಂದೆ, ಆದ್ರೆ ಔಷಧಿ ಎಲ್ಲಾ ಕಡೆ ಒಂದೇ ಥರ ಕೆಲಸ ಮಾಡಲ್ಲ. ಮೊದಲು ಕೊಡೋದು ನೆಪ್ರಾಕ್ಸೆನ್, ಎಟೋರಿಕಾಕ್ಸಿಬ್ ಥರದ ಉರಿಯೂತದ ಮಾತ್ರೆ. ಇದು ಬೆನ್ನಿಗೂ ಆಗುತ್ತೆ, ಹಿಮ್ಮಡಿಗೂ ಆಗುತ್ತೆ. ಹೊಟ್ಟೆ, ಕಿಡ್ನಿ, ಬಿಪಿ ನೋಡ್ಕೊಂಡು ಡಾಕ್ಟರ್ ಹೇಳಿದ ಹಾಗೆ ತಗೋಬೇಕು, ಮೆಡಿಕಲ್ ಶಾಪ್‌ನವರು ಹೇಳಿದ ಹಾಗಲ್ಲ. ಸಲ್ಫಾಸಲಜಿನ್ ಅಂತ ಇನ್ನೊಂದಿದೆ. ಮಂಡಿ, ಕಣಕಾಲು ಊದೋರಿಗೆ ಉಪಯೋಗ ಇದೆ, ಬೆನ್ನಿಗೆ ಇಲ್ಲ, ಹಿಮ್ಮಡಿಯ ಎಂಥೆಸೈಟಿಸ್‌ಗೂ ಅಷ್ಟಕ್ಕಷ್ಟೆ. ಬರೀ ಬೆನ್ನುನೋವಿಗೆ ಇದನ್ನ ವರ್ಷಗಟ್ಟಲೆ ತಗೋತಿದ್ರೆ ಯಾಕೆ ಅಂತ ಒಮ್ಮೆ ಕೇಳಿ. ಮೂತ್ರ ಕಿತ್ತಳೆ ಬಣ್ಣ ಆಗಬಹುದು, ಗಾಬರಿ ಬೇಡ. ಗಂಡಸರಲ್ಲಿ ವೀರ್ಯಾಣು ಸಂಖ್ಯೆ ಕಡಿಮೆ ಮಾಡುತ್ತೆ, ನಿಲ್ಲಿಸಿದ ಮೇಲೆ ಸರಿಹೋಗುತ್ತೆ. ಮಗು ಬೇಕು ಅಂತ ಇರೋರು ಇದನ್ನ ಮೊದಲೇ ಹೇಳಿಬಿಡಿ, ನಾಚಿಕೆ ಪಡೋ ವಿಷಯ ಅಲ್ಲ.

ಇಂಜೆಕ್ಷನ್. ಮಂಡಿಯ ಒಳಗೆ ಹಾಕೋ ಸ್ಟೀರಾಯ್ಡ್ ಇಂಜೆಕ್ಷನ್ ಒಂದು ಕೀಲು ಮಾತ್ರ ಊದಿದ್ದಾಗ ಒಳ್ಳೇದೇ. ಆದ್ರೆ ಅಕಿಲಿಸ್ ಟೆಂಡನ್ ಸುತ್ತ ಹಾಕೋದು ಬೇರೆ ಮಾತು. ಅದರಿಂದ ಟೆಂಡನ್ ಹರಿಯೋ ಅಪಾಯ ಇದೆ. ಅಮೆರಿಕದ ರುಮಟಾಲಜಿ ವೈದ್ಯರ ಸಂಘದ ಮಾರ್ಗದರ್ಶಿಯಲ್ಲೇ ಅಕಿಲಿಸ್, ಮಂಡಿಚಿಪ್ಪಿನ ಟೆಂಡನ್ ಈ ಜಾಗಗಳಿಗೆ ಬೇಡ ಅಂತ ಹೇಳಿದ್ದಾರೆ. ನಾನು ಒಂದು ಸಲ ಹಾಕಿಸ್ಕೊಂಡೆ, ಎರಡನೇದಕ್ಕೆ ದಿನಾಂಕ ಕೂಡ ತಗೊಂಡಿದ್ದೆ. ಆ ವಾರ ಕಣ್ಣು ಕೆಂಪಾಯ್ತು, ಅಲ್ಲಿಗೆ ತಪ್ಪಿತು. ಇದರ ಜೊತೆಗೇ ಇನ್ನೊಂದು: ಹೊಟ್ಟೆ ಕೆಟ್ಟಾಗ ನಾವೇ ತಗೊಳ್ಳೋ ಸಿಪ್ರೋಫ್ಲಾಕ್ಸಾಸಿನ್ ಜಾತಿಯ ಆಂಟಿಬಯೋಟಿಕ್‌ಗಳೂ ಟೆಂಡನ್‌ಗೆ ತೊಂದರೆ ಕೊಡಬಹುದು. ಊರಲ್ಲಿ ವಾಯುನೋವಿಗೆ ಅಂತ ಕೊಡೋ ಹೆಸರಿಲ್ಲದ ಪುಡಿ ಬೇಡವೇ ಬೇಡ. ಎರಡೇ ದಿನದಲ್ಲಿ ಮ್ಯಾಜಿಕ್ ಆದ್ರೆ ಅದರಲ್ಲಿ ಸ್ಟೀರಾಯ್ಡ್ ಇರಬಹುದು ಅಂತ ಅನುಮಾನ ಪಡಿ.

ಇವೆಲ್ಲ ಸಾಲದಿದ್ರೆ ಬಯಾಲಜಿಕ್ ಇಂಜೆಕ್ಷನ್‌ಗಳಿವೆ. ಇವು ಬೆನ್ನು, ಕೀಲು, ಎಂಥೆಸಿಸ್ ಎಲ್ಲದರ ಮೇಲೂ ಕೆಲಸ ಮಾಡುತ್ತವೆ. ದುಬಾರಿ. ಆದ್ರೂ 2014ರಲ್ಲಿ ಅಡಾಲಿಮುಮಾಬ್‌ನ ಬಯೋಸಿಮಿಲರ್ ನಮ್ಮ ದೇಶದಲ್ಲೇ ಬಂದ ಮೇಲೆ ಸ್ವಲ್ಪ ಕೈಗೆಟುಕೋ ಹಾಗಾಯ್ತು. ಶುರು ಮಾಡೋ ಮೊದಲು ಟಿಬಿ ಪರೀಕ್ಷೆ ಮಾಡಲೇಬೇಕು, ಯಾಕಂದ್ರೆ ಒಳಗೆ ಮಲಗಿರೋ ಟಿಬಿಯನ್ನ ಇವು ಎಬ್ಬಿಸಬಹುದು. ಕಣ್ಣು ಕೆಂಪಾಗಿತ್ತಾ, ಮಲದಲ್ಲಿ ರಕ್ತ ಹೋಗಿತ್ತಾ, ಚರ್ಮದಲ್ಲಿ ಸೋರಿಯಾಸಿಸ್ ಇದೆಯಾ ಅನ್ನೋದರ ಮೇಲೆ ಯಾವ ಇಂಜೆಕ್ಷನ್ ಅನ್ನೋದು ಬದಲಾಗುತ್ತೆ. ಅದಕ್ಕೇ ಕೇಳದಿದ್ರೂ ಹೇಳಿ.

ಹೇಳೋದು ಅಂದಾಗ ಆ ಪದದ ವಿಷಯ. ನಾವು ಹೊರ ರಾಜ್ಯದಲ್ಲಿ ಇರೋರು. ಡಾಕ್ಟರ್ ಎದುರು ಕೂತಾಗ ಬರೋ ನಾಲ್ಕು ಹಿಂದಿ ಪದದಲ್ಲಿ "ದರ್ದ್" ಒಂದೇ ನೆನಪಾಗುತ್ತೆ. ಕನ್ನಡದಲ್ಲಿ ನಾವು "ನೋವು" ಬೇರೆ, "ಹಿಡ್ಕೊಂಡಿದೆ" ಬೇರೆ ಅಂತ ಸಹಜವಾಗಿ ಹೇಳ್ತೀವಿ. ಈ ಕಾಯಿಲೆ ಪತ್ತೆಯಾಗೋದೇ ಆ ಎರಡನೇ ಪದದಿಂದ. ಹಿಂದಿಯಲ್ಲಿ ಅದು "ಅಕಡನ್", ಮರಾಠಿಯಲ್ಲಿ "ಆಖಡತೇ", ತೆಲುಗಿನಲ್ಲಿ "ಪಟ್ಟೇಸಿಂದಿ", ತಮಿಳಿನಲ್ಲಿ "ಪುಡಿಚ್ಚುಕ್ಕಿಚ್ಚು". ತಮಿಳಿನದು ನಮ್ಮ "ಹಿಡಿ"ಯೇ, ಪಕಾರ ಹಕಾರ ವ್ಯತ್ಯಾಸ ಅಷ್ಟೆ. ಬೆಳಿಗ್ಗೆ ಎಷ್ಟು ನಿಮಿಷ ಹಿಡ್ಕೊಂಡಿರುತ್ತೆ ಅಂತ ಗಡಿಯಾರ ನೋಡಿ ಹೇಳಿ. ಅರ್ಧ ಗಂಟೆ ದಾಟಿದ್ರೆ ಅದಕ್ಕೆ ಬೆಲೆ ಇದೆ.

ಕೊನೆಗೆ ಒಂದು ಲೆಕ್ಕ, ನನ್ನ ದೊಡ್ಡ ತಪ್ಪು ಇದರಲ್ಲೇ ಇದೆ. ಕಾಯಿಲೆ ಎಷ್ಟು ಚುರುಕಾಗಿದೆ ಅಂತ ಅಳೆಯೋಕೆ ಬಾಸ್ಡಾಯ್ ಅಂತ ಆರು ಪ್ರಶ್ನೆಗಳ ಫಾರ್ಮ್ ಇದೆ. ಇಂಗ್ಲೆಂಡಿನ ಬಾತ್ ಊರಿನಲ್ಲಿ ಮಾಡಿದ್ದು, 1994ರದ್ದು. ಕಳೆದ ವಾರ ಹೇಗಿತ್ತು ಅಂತ 0ಯಿಂದ 10ರ ಒಳಗೆ ನಾವೇ ಅಂಕ ಕೊಡಬೇಕು. ಒಂದು ಸುಸ್ತು, ಎರಡು ಕುತ್ತಿಗೆ-ಬೆನ್ನು-ಹಿಪ್ ನೋವು, ಮೂರು ಬೇರೆ ಕೀಲುಗಳ ನೋವು ಅಥವಾ ಊತ, ನಾಲ್ಕು ಮುಟ್ಟಿದರೆ ಒತ್ತಿದರೆ ನೋಯೋ ಜಾಗಗಳು, ಐದು ಬೆಳಗಿನ ಬಿಗಿತ ಎಷ್ಟು ಜೋರು, ಆರು ಎಷ್ಟು ಹೊತ್ತು. ಐದು ಮತ್ತು ಆರರ ಸರಾಸರಿ ತೆಗೆದು ಮೊದಲ ನಾಲ್ಕಕ್ಕೆ ಕೂಡಿ, ಐದರಿಂದ ಭಾಗಿಸಬೇಕು. 4 ಅಥವಾ ಹೆಚ್ಚು ಬಂದ್ರೆ ಕಾಯಿಲೆ ಹತೋಟಿಯಲ್ಲಿಲ್ಲ ಅಂತ ಲೆಕ್ಕ.

ನನಗೆ ಅವತ್ತು ನಿಜವಾಗಿ ಸುಸ್ತು 6, ಬೆನ್ನು 5, ಮಂಡಿ 7, ಹಿಮ್ಮಡಿ 7, ಬಿಗಿತ 5 ಮತ್ತು 4. ಕೂಡಿ ಭಾಗಿಸಿದ್ರೆ 5.9. ನಾನು ಏನು ಮಾಡಿದೆ? ಮಂಡಿ, ಹಿಮ್ಮಡಿ ಬೇರೆ ಸಮಸ್ಯೆ, ಬೇರೆ ಡಾಕ್ಟರ್ ನೋಡ್ತಿದ್ದಾರೆ ಅಂದ್ಕೊಂಡು ಮೂರಕ್ಕೂ ನಾಲ್ಕಕ್ಕೂ ಸೊನ್ನೆ ಹಾಕಿದೆ. ಬಂದಿದ್ದು 3.1. ಫಾರ್ಮ್ ಪ್ರಕಾರ ನಾನು ಚೆನ್ನಾಗಿದ್ದೆ. ಅದೇ ಮಾತ್ರೆ ಮುಂದುವರಿಸಿ ಅಂದ್ರು, ಎಂಟು ತಿಂಗಳು ಕುಂಟಿದೆ. ಆ ಎರಡು ಪ್ರಶ್ನೆ ಅಲ್ಲಿ ಇರೋದೇ ಹಿಮ್ಮಡಿ, ಮಂಡಿಗೋಸ್ಕರ ಅಂತ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಈಗ ನೋಡ್ತಿರೋ ಡಾಕ್ಟರ್ ಫಾರ್ಮ್ ತಗೊಂಡ ಮೇಲೆ ಶೂ, ಸಾಕ್ಸ್ ತೆಗೀರಿ ಅಂತಾರೆ. ಹದಿಮೂರು ಜಾಗ ಒತ್ತಿ ನೋಡೋ ಒಂದು ಪದ್ಧತಿ ಇದೆ, ಎದೆಯ ಪಕ್ಕೆಲುಬಿನಿಂದ ಶುರುವಾಗಿ ಸೊಂಟದ ಅಂಚು ಸುತ್ತಿ ಹಿಮ್ಮಡಿಗೆ ಮುಗಿಯುತ್ತೆ. ಹೋದ ತಿಂಗಳು ಹದಿಮೂರರಲ್ಲಿ ಎರಡು ಕಡೆ ಮಾತ್ರ "ಆಯ್" ಅಂದೆ. ಮುಂದಿನ ವಾರ ಕಣ್ಣಿನ ವಿಷಯ ಮಾತಾಡೋಣ, ಕೆಂಗಣ್ಣಿನ ಡ್ರಾಪ್ಸ್ ಹಾಕ್ಕೊಂಡು ಕೂರೋದು ಯಾಕೆ ಅಪಾಯ ಅಂತ.